ಉದ್ದಮೀಸೆ ದುಂಬಿಗೆ ಹೆಸರಿಡುವವರು ಯಾರು?

ಎರಡು ವರ್ಷಗಳ ಹಿಂದಿನ ಶ್ರಾವಣ. ಕಲಘಟಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಗೆಳೆಯರ ಮನೆಯ ಪಡಸಾಲೆಯಲ್ಲಿ ಕುಳಿತಿದ್ದಾಗ ನೆರೆಯ ರೈತರೊಬ್ಬರು ಎರಡು ವಸ್ತುಗಳನ್ನು ಹಿಡಿದು ಬಂದರು. ಒಂದು, ತುದಿ ಬಾಡಿ ಜೋತುಬಿದ್ದ ಸೋಯಾಬೀನ್ ಗಿಡ. ಇನ್ನೊಂದು, ಬೆಂಕಿಪೊಟ್ಟಣ. ಗಿಡದ ಕಾಂಡದ ಮೇಲೆ ಬ್ಲೇಡಿನಿಂದ ಕೊಯ್ದಂತೆ ಎರಡು ಉಂಗುರಗಳಿದ್ದವು. ಪೊಟ್ಟಣದೊಳಗಿನಿಂದ ಕಿರ್ ಕಿರ್ ಎಂಬ ಸದ್ದು ಬರುತ್ತಿತ್ತು. ತೆರೆದರೆ ಬೂದು ಬಣ್ಣದ, ಮೈಗಿಂತ ಉದ್ದನೆಯ ಮೀಸೆಯುಳ್ಳ ಸಣ್ಣ ದುಂಬಿ. ಬದುವಿನ ಮೇಲೆ ಕಡಿದು ಹಾಕಿದ್ದ ಜಾಲಿಯ ಒಣ ಟೊಂಗೆಯಲ್ಲಿ ಸಿಕ್ಕಿತಂತೆ. “ಎರಡೂ ಒಂದ ಹುಳದ ಕೆಲಸ ಏನ್ರಿ ಸರ? ಇದರ ಹೆಸರೇನ್ರಿ?” ಎಂದು ಅವರು ಕೇಳಿದರು.

ನಾನು ದಶಕಗಳ ಹಿಂದೆ ಕೃಷಿ ಕಾಲೇಜಿನಲ್ಲಿ ಕೀಟಶಾಸ್ತ್ರ ಓದಿ, ಆಮೇಲೆ ಬೇರೆ ಉದ್ಯೋಗ ಹಿಡಿದವನು. ಆದರೂ ಗಿಡದ ಪ್ರಶ್ನೆಗೆ ಉತ್ತರಿಸುವುದು ಕಷ್ಟವಾಗಲಿಲ್ಲ. ಸೋಯಾಬೀನ್ ಕಾಂಡಕ್ಕೆ ಎರಡು ಉಂಗುರ ಕೊರೆದು ಅವುಗಳ ನಡುವೆ ಮೊಟ್ಟೆಯಿಡುವ ದುಂಬಿ ಒಬೆರಿಯೋಪ್ಸಿಸ್ ಬ್ರೆವಿಸ್. ಉಂಗುರದ ಮೇಲಿನ ಭಾಗಕ್ಕೆ ನೀರೇರದೆ ತುದಿ ಬಾಡುತ್ತದೆ. ಮೊಟ್ಟೆಯೊಡೆದ ಮರಿ ಕಾಂಡದ ತಿರುಳನ್ನು ತಿನ್ನುತ್ತ ಕೆಳಗಿಳಿಯುತ್ತದೆ. ಬೆಳೆ ಮಾಗುವ ಹೊತ್ತಿಗೆ ಗಿಡವನ್ನು ನೆಲದಿಂದ ಗೇಣೆತ್ತರದಲ್ಲಿ ಒಳಗಿನಿಂದಲೇ ಕತ್ತರಿಸಿ ಬೀಳಿಸಿ, ತಾನು ಬುಡದ ಮೋಟಿನಲ್ಲಿ ಅಡಗಿ ಕೂರುತ್ತದೆ. ಇಷ್ಟು ತಿಳಿದಿರುವುದರಿಂದಲೇ ಬಾಡಿದ ಗಿಡಗಳನ್ನು ಉಂಗುರಕ್ಕಿಂತ ಕೆಳಗೆ ಕಿತ್ತು ನಾಶಮಾಡಿ ಎಂದು ರೈತರಿಗೆ ಹೇಳಲು ಸಾಧ್ಯವಾಗಿದೆ.

ಬೆಂಕಿಪೊಟ್ಟಣದ ದುಂಬಿಯ ಮುಂದೆ ಮಾತ್ರ ನನ್ನ ವಿದ್ಯೆ ನಿಂತುಹೋಯಿತು. ಸೋಯಾಬೀನ್ ದುಂಬಿಯ ಕುಟುಂಬಕ್ಕೇ ಸೇರಿದ್ದು ಎಂಬುದು ಮೀಸೆಯಿಂದಲೂ, ಮೀಸೆಯ ಬುಡವನ್ನು ಅರ್ಧಚಂದ್ರದಂತೆ ಬಳಸಿದ ಕಣ್ಣಿನಿಂದಲೂ ಗೊತ್ತಾಯಿತು. ಮುಂದೆ? ಚಿತ್ರ ತೆಗೆದು ಪರಿಚಿತ ತಜ್ಞರಿಬ್ಬರಿಗೆ ಕಳುಹಿಸಿದೆ. ಒಬ್ಬರು ಉಪಕುಟುಂಬವನ್ನು ಖಚಿತಪಡಿಸಿದರು. ಇನ್ನೊಬ್ಬರು ಕುಲವನ್ನು ಊಹಿಸಿದರು. ಕೊನೆಯಲ್ಲಿ ಇಬ್ಬರೂ ಬರೆದದ್ದು ಒಂದೇ ಮಾತು: ಗಂಡು ದುಂಬಿ ಬೇಕು, ಇನ್ನಷ್ಟು ಮಾದರಿಗಳು ಬೇಕು, ಪ್ಯಾರಿಸ್ಸಿನಲ್ಲಿರುವ ಮೂಲಮಾದರಿಯೊಡನೆ ಹೋಲಿಸಬೇಕು.

ಪತ್ರಿಕೆಗಳಲ್ಲಿ ಆಗಾಗ ‘ಪಶ್ಚಿಮಘಟ್ಟದಲ್ಲಿ ಹೊಸ ಪ್ರಭೇದ ಪತ್ತೆ’ ಎಂಬ ಸುದ್ದಿ ಓದುತ್ತೇವೆ. ಈ ‘ಪತ್ತೆ’ ಎಂಬ ಪದದ ಬಗ್ಗೆ ನನಗೆ ತಕರಾರಿದೆ. ಕಾಡಿನಲ್ಲಿ ನಡೆದುಹೋಗುವ ವಿಜ್ಞಾನಿಗೆ ಹುಳು ಎದುರಾಗುತ್ತದೆ, ಅವರು ಕೂಡಲೇ ‘ಇದು ಹೊಸತು’ ಎಂದು ಕೂಗುತ್ತಾರೆ ಎಂಬ ಚಿತ್ರವನ್ನು ಅದು ಕೊಡುತ್ತದೆ. ನಿಜ ಸಂಗತಿ ಬೇರೆ. ಹೊಸ ಪ್ರಭೇದ ಹುಟ್ಟುವುದು ಹೊಲದಲ್ಲಿ ಅಲ್ಲ, ಹೋಲಿಕೆಯ ಮೇಜಿನ ಮೇಲೆ. ಒಂದು ದುಂಬಿ ಹೊಸತು ಎನ್ನಬೇಕಾದರೆ ಈವರೆಗೆ ಹೆಸರು ಪಡೆದ ಅದರ ಸಮೀಪದ ನೆಂಟರೆಲ್ಲರಿಗಿಂತ ಅದು ಭಿನ್ನ ಎಂದು ತೋರಿಸಬೇಕು. ಮೀಸೆಯ 11 ಗಣ್ಣುಗಳ ಉದ್ದದ ಅನುಪಾತ, ರೆಕ್ಕೆಕವಚದ ಮೇಲಿನ ರೋಮಗಳ ವಿನ್ಯಾಸ, ಎದೆಭಾಗದ ಮುಳ್ಳು, ಕಡೆಗೆ ಗಂಡಿನ ಜನನಾಂಗವನ್ನು ಬೇರ್ಪಡಿಸಿ ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿದ ಚಿತ್ರ, ಇವೆಲ್ಲವೂ ಆ ವಿವರಣೆಯಲ್ಲಿ ಇರಬೇಕು. 2000ದಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಸಂಹಿತೆಯ ಪ್ರಕಾರ, ಹೊಸ ಹೆಸರನ್ನು ಹೊತ್ತ ಒಂದೇ ಒಂದು ಮಾದರಿಯನ್ನು ‘ಹೋಲೋಟೈಪ್’ ಎಂದು ಗುರುತಿಸಿ, ಅದನ್ನು ಯಾವ ಸಂಗ್ರಹಾಲಯದಲ್ಲಿ ಇಡಲಾಗುತ್ತದೆ ಎಂದು ಪ್ರಬಂಧದಲ್ಲೇ ಹೇಳಬೇಕು. ನೂರು ವರ್ಷ ಕಳೆದ ಮೇಲೂ ‘ಈ ಹೆಸರು ಯಾವ ಜೀವಿಗೆ ಸೇರಿದ್ದು?’ ಎಂಬ ತಕರಾರು ಎದ್ದರೆ ನ್ಯಾಯ ಹೇಳುವುದು ಆ ಒಂದು ಸೂಜಿಗೆ ಚುಚ್ಚಿದ ದುಂಬಿ.

ಈ ಕೆಲಸಕ್ಕೆ ಹಿಡಿಯುವ ಕಾಲವನ್ನು ಫ್ರೆಂಚ್ ಸಂಶೋಧಕರು 2012ರಲ್ಲಿ ಲೆಕ್ಕಹಾಕಿದರು. ಹೊಸ ಪ್ರಭೇದದ ಮೊದಲ ಮಾದರಿ ಸಂಗ್ರಹವಾದಂದಿನಿಂದ ಅದಕ್ಕೆ ಹೆಸರು ಸಿಗುವವರೆಗೆ ಸರಾಸರಿ 21 ವರ್ಷ. ಅಂದರೆ ಹೊಸ ಪ್ರಭೇದಗಳು ಹೆಚ್ಚಾಗಿ ‘ಪತ್ತೆ’ಯಾಗುವುದು ಕಾಡಿನಲ್ಲಲ್ಲ, ಸಂಗ್ರಹಾಲಯದ ಮರದ ಡಬ್ಬಿಗಳಲ್ಲಿ.

ಇಲ್ಲಿ ಉದ್ದಮೀಸೆ ದುಂಬಿಗಳ ವಿಷಯದಲ್ಲಿ ನಮಗೊಂದು ವಿಶೇಷ ಕೊರತೆಯಿದೆ. ಸೆರಾಂಬಿಸಿಡೇ ಎಂಬ ಈ ಕುಟುಂಬದಲ್ಲಿ ಜಗತ್ತಿನಾದ್ಯಂತ 35,000ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಡಲಾಗಿದೆ. ಭಾರತದ ಉದ್ದಮೀಸೆ ದುಂಬಿಗಳನ್ನು ಗುರುತಿಸಲು ಇಂದಿಗೂ ವಿದ್ಯಾರ್ಥಿಗಳು ಮೊದಲು ತೆರೆಯುವ ಗ್ರಂಥ, ಬ್ರಿಟಿಷ್ ಮ್ಯೂಸಿಯಂನ ಚಾರ್ಲ್ಸ್ ಜೋಸೆಫ್ ಗಹನ್ 1906ರಲ್ಲಿ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲಿಕೆಗೆ ಬರೆದ ಸಂಪುಟ. ಅದರ ಮೇಲೆ ‘ಮೊದಲ ಸಂಪುಟ’ ಎಂದಿದೆ. ಈ ಕುಟುಂಬದ ಅರ್ಧಕ್ಕಿಂತ ಹೆಚ್ಚು ಪ್ರಭೇದಗಳನ್ನು ಒಳಗೊಂಡ ಲ್ಯಾಮಿಯಿನೇ ಎಂಬ ಉಪಕುಟುಂಬ ಅದರಲ್ಲಿಲ್ಲ. ಅದು ಮುಂದಿನ ಸಂಪುಟದ ಪಾಲಿಗೆ ಉಳಿಯಿತು. ಆ ಸಂಪುಟ ಪ್ರಕಟವಾಗಲೇ ಇಲ್ಲ. ಇಂಗ್ಲಿಷರು ಹೋದರು, ನಾವು ಸ್ವತಂತ್ರರಾದೆವು, ವಿಶ್ವವಿದ್ಯಾಲಯಗಳನ್ನು ಕಟ್ಟಿದೆವು. ಶತಮಾನ ಕಳೆದು ಮೇಲೆ ಎರಡು ದಶಕಗಳಾದವು. ಗಹನ್ ಬಿಟ್ಟ ಜಾಗ ಹಾಗೆಯೇ ಇದೆ.

ಇದು ತಜ್ಞರ ಒಳಮನೆಯ ಸಂಗತಿ ಎಂದುಕೊಳ್ಳುವ ಹಾಗಿಲ್ಲ. ಧಾರವಾಡ ಜಿಲ್ಲೆಯ ರೈತರನ್ನು ಕಾಡುವ ಉದ್ದಮೀಸೆ ದುಂಬಿಗಳು ಯಾವುವು ನೋಡಿ. ಸೋಯಾಬೀನಿಗೆ ಉಂಗುರ ಕೊರೆಯುವುದು ಒಂದು. ಕಲಘಟಗಿ, ಧಾರವಾಡದ ಆಪೂಸು ಮಾವಿನ ಮರಗಳನ್ನು ಒಳಗಿನಿಂದ ಟೊಳ್ಳಾಗಿಸುವ, ಬೆರಳುದ್ದದ ಬ್ಯಾಟೊಸೆರಾ ರೂಫೊಮ್ಯಾಕುಲೇಟಾ ಇನ್ನೊಂದು. ಇದರ ಮರಿಯನ್ನು ರೈತರು ರಂಧ್ರಕ್ಕೆ ತಂತಿ ತೂರಿಸಿ ಎಳೆಯುತ್ತಾರೆ, ಇಲ್ಲವೇ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ ಮಣ್ಣು ಮೆತ್ತುತ್ತಾರೆ. ಬಂಡಿ, ರಂಟೆ, ಕುಂಟೆಗಳಿಗೆ ಮರ ಕೊಟ್ಟ ಜಾಲಿಯ ಬೇರು-ಬುಡ ಕೊರೆಯುವ ಸೆಲೊಸ್ಟರ್ನಾ ಸ್ಕ್ಯಾಬ್ರೇಟರ್ ಮೂರನೆಯದು. ಜಾಲಿಯಲ್ಲಿ ಬದುಕಿಕೊಂಡಿದ್ದ ಈ ಹುಳು ವಿಜಯಪುರದ ಕಡೆ ಮತ್ತು ಮಹಾರಾಷ್ಟ್ರದಲ್ಲಿ ಈಗ ದ್ರಾಕ್ಷಿಯ ಕಾಂಡಕ್ಕೆ ಇಳಿದಿದೆ. ಮೂರೂ ಲ್ಯಾಮಿಯಿನೇ. ಮೂರೂ ಬರೆಯದ ಸಂಪುಟದ ಹುಳುಗಳು. ಗಹನ್ ಪುಸ್ತಕದಲ್ಲಿ ಸಿಗುವುದು ಮಲೆನಾಡಿನ ಕಾಫಿಯ ಬಿಳಿ ಕಾಂಡಕೊರಕ ಮತ್ತು ಕರಾವಳಿಯ ಗೋಡಂಬಿಯ ಕಾಂಡಕೊರಕದ ಬಳಗ. ಬಯಲುಸೀಮೆಯ ಪಾಲಿಗೆ ಬಂದದ್ದು ಖಾಲಿ ಹಾಳೆ.

ಹಾಗಾದರೆ ಲ್ಯಾಮಿಯಿನೇಗೆ ಹೆಸರಿಟ್ಟವರೇ ಇಲ್ಲವೆ? ಬೇಕಾದಷ್ಟು ಇದ್ದಾರೆ. ಮಾವಿನ ಕೊರಕಕ್ಕೆ 1775ರಲ್ಲಿ ಸ್ವೀಡನ್ನಿನ ಡಿ ಗೀರ್, ಜಾಲಿಯ ಕೊರಕಕ್ಕೆ 1781ರಲ್ಲಿ ಲಿನೇಯಸ್‌ನ ಶಿಷ್ಯ ಫಾಬ್ರಿಸಿಯಸ್ ಹೆಸರಿಟ್ಟರು. ಇಪ್ಪತ್ತನೆಯ ಶತಮಾನದಲ್ಲಿ ಆಸ್ಟ್ರಿಯಾ ಮೂಲದ ಸ್ಟೀಫನ್ ಫಾನ್ ಬ್ರಾಯ್ನಿಂಗ್ ಒಬ್ಬರೇ ಈ ಉಪಕುಟುಂಬದ 7,000ಕ್ಕೂ ಹೆಚ್ಚು ಹೆಸರುಗಳನ್ನು ಸೃಷ್ಟಿಸಿದರು. ಅವಸರದ ಅಡುಗೆ ಎಂದು ಈ ಕ್ಷೇತ್ರದವರು ಅದರ ಬಗ್ಗೆ ಗೊಣಗುವುದುಂಟು. ಎಷ್ಟೋ ವಿವರಣೆಗಳು ಕೆಲವೇ ಸಾಲಿನವು, ಚಿತ್ರವಿಲ್ಲದವು. ಒಂದೇ ದುಂಬಿಗೆ ಎರಡು ಮೂರು ಹೆಸರು ಬಿದ್ದದ್ದೂ ಇದೆ. ಆ ಸಾಲುಗಳನ್ನು ಓದಿ ಜಾಲಿಯ ಟೊಂಗೆಯ ಬೂದುದುಂಬಿ ಯಾವುದೆಂದು ಯಾರೂ ಹೇಳಲಾರರು. ಮೂಲಮಾದರಿಯನ್ನೇ ನೋಡಬೇಕು. ಅದು ಯುರೋಪಿನಲ್ಲಿದೆ.

ಅದು ಅಲ್ಲಿಗೆ ಹೋದ ದಾರಿಯಲ್ಲಿ ಧಾರವಾಡವೂ ಇದೆ. ಐರ್ಲೆಂಡಿನಲ್ಲಿ ಹುಟ್ಟಿದ ಥಾಮಸ್ ರೀಡ್ ಡೇವಿಸ್ ಬೆಲ್ 1884ರಲ್ಲಿ ಮುಂಬಯಿ ಪ್ರಾಂತದ ಅರಣ್ಯ ಇಲಾಖೆ ಸೇರಿ ಮೊದಲು ಬಂದದ್ದು ಧಾರವಾಡ ಜಿಲ್ಲೆಗೆ. ಮುಂದೆ ಕಾರವಾರದಲ್ಲಿ ನೆಲೆಸಿ ಚಿಟ್ಟೆ, ಪತಂಗಗಳ ಮರಿಗಳನ್ನು ಮನೆಯಲ್ಲಿ ಸಾಕಿ, ಯಾವ ಮರಿ ಯಾವ ಗಿಡ ತಿನ್ನುತ್ತದೆ ಎಂದು ಬರೆದಿಟ್ಟ ಮನುಷ್ಯ. ಅಂಥವರ ಶ್ರದ್ಧೆಯನ್ನು ಅಲ್ಲಗಳೆಯಲಾಗದು. ಆದರೆ ಆ ಕಾಲದ ವ್ಯವಸ್ಥೆಯಲ್ಲಿ ಹುಳು ಹಿಡಿಯುವುದು ಇಲ್ಲಿ, ಹೆಸರಿಡುವುದು ಅಲ್ಲಿ. ಈ ಸೀಮೆಯ ಕಲ್ಲಿಗೆ ರಾಬರ್ಟ್ ಬ್ರೂಸ್ ಫೂಟ್ ‘ಧಾರವಾಡ’ದ ಹೆಸರನ್ನೇ ಕೊಟ್ಟರು, ಭೂವಿಜ್ಞಾನ ಓದಿದ ಯಾವ ದೇಶದವರಿಗೂ ಅದು ಪರಿಚಿತ. ನಮ್ಮ ಕಲ್ಲಿಗೆ ಸಿಕ್ಕ ಭಾಗ್ಯ ನಮ್ಮ ಹುಳುವಿಗೆ ಸಿಗಲಿಲ್ಲ ಎನ್ನೋಣವೆ?

ಬೆಂಕಿಪೊಟ್ಟಣ ತಂದ ರೈತರು ಅಂದು ಇನ್ನೊಂದು ಮಾತನ್ನೂ ಕೇಳಿದ್ದರು: “ಹುಳಕ್ಕ ಹೆಸರ ಇಟ್ಟರ ಬೆಳಿ ಉಳೀತದೇನ್ರಿ?” ಹುಡುಗಾಟದ ಪ್ರಶ್ನೆ ಅದಲ್ಲ. ಉತ್ತರ ಪಪ್ಪಾಯಿಯಲ್ಲಿದೆ. ಮೆಕ್ಸಿಕೊ ಕಡೆಯ ಒಂದು ಹಿಟ್ಟುತಿಗಣೆಗೆ 1992ರಲ್ಲಿ ಇಬ್ಬರು ವರ್ಗೀಕರಣ ವಿಜ್ಞಾನಿಗಳು ಪ್ಯಾರಾಕಾಕಸ್ ಮಾರ್ಜಿನೇಟಸ್ ಎಂದು ಹೆಸರಿಟ್ಟು ವಿವರಿಸಿದರು. ಆಗ ಭಾರತದಲ್ಲಿ ಯಾರಿಗೂ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. 2008ರಲ್ಲಿ ಕೊಯಮತ್ತೂರಿನ ಪಪ್ಪಾಯಿ ತೋಟಗಳಲ್ಲಿ ಬಿಳಿ ಹಿಟ್ಟಿನಂಥ ಹುಳು ಮುಸುಕಿತು. ಹಿಪ್ಪುನೇರಳೆಗೂ ಹಬ್ಬಿ ರೇಷ್ಮೆಯವರನ್ನು ಕಂಗೆಡಿಸಿತು. ಔಷಧಿ ಹೊಡೆದಷ್ಟೂ ಮತ್ತೆ ಬಂತು. ಹೆಸರು ಖಚಿತವಾದ ಮೇಲೆ ಅದರ ತವರಿನ ಶತ್ರು ಯಾರೆಂದು ಹುಡುಕುವುದು ಸುಲಭವಾಯಿತು. 2010ರಲ್ಲಿ ಬೆಂಗಳೂರಿನ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆ ಪೋರ್ಟೊರಿಕೊದಿಂದ ಸಾಸಿವೆಗಿಂತ ಚಿಕ್ಕದಾದ ಪರಾವಲಂಬಿ ಕಣಜಗಳನ್ನು ತರಿಸಿ, ಬೆಳೆಸಿ ಹಂಚಿತು. ಪಿಡುಗು ಅಡಗಿತು. 1992ರ ಆ ‘ನಿರುಪಯೋಗಿ’ ಪ್ರಬಂಧ ಇಲ್ಲದಿದ್ದರೆ ನಮ್ಮವರು ಎಲ್ಲಿಂದ ಆರಂಭಿಸಬೇಕಿತ್ತು?

ಉದ್ದಮೀಸೆ ದುಂಬಿಗಳಲ್ಲೇ ಉದಾಹರಣೆ ಬೇಕೆಂದರೆ, 1996ರಲ್ಲಿ ನ್ಯೂಯಾರ್ಕಿನ ಬೀದಿಬದಿಯ ಮರಗಳಲ್ಲಿ ಏಷ್ಯಾದ ಉದ್ದಮೀಸೆ ದುಂಬಿ ಕಾಣಿಸಿಕೊಂಡಿತು. ಚೀನಾ ಕಡೆಯಿಂದ ಬಂದ ಸರಕಿನ ಮರದ ಪೆಟ್ಟಿಗೆಗಳಲ್ಲಿ ಮರಿಯಾಗಿ ಬಂದದ್ದು ಅದು. ಇಂಥ ಅನುಭವಗಳ ಹಿನ್ನೆಲೆಯಲ್ಲಿ 2002ರಲ್ಲಿ ಅಂತರರಾಷ್ಟ್ರೀಯ ನಿಯಮವೊಂದು ಬಂತು. ಇಂದು ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶದಿಂದ ಹೊರದೇಶಕ್ಕೆ ಯಂತ್ರದ ಬಿಡಿಭಾಗ ಕಳಿಸುವವರು ಮರದ ಪೆಟ್ಟಿಗೆಯನ್ನು ಬಿಸಿಯಿಂದಲೋ ಹೊಗೆಯಿಂದಲೋ ಶುದ್ಧಗೊಳಿಸಿ ಮುದ್ರೆ ಒತ್ತಿಸಬೇಕಾಗಿರುವುದಕ್ಕೆ ಕಾರಣಗಳಲ್ಲಿ ಈ ದುಂಬಿಯೂ ಒಂದು.

ಸೋಯಾಬೀನ್ ನಮ್ಮ ನೆಲದ ಹಳೆಯ ಬೆಳೆಯಲ್ಲ; ಪೂರ್ವ ಏಷ್ಯಾದಿಂದ ಬಂದು ಕಳೆದ ಅರ್ಧ ಶತಮಾನದಲ್ಲಿ ಹರಡಿದ್ದು. ಅದರ ಕಾಂಡಕ್ಕೆ ಉಂಗುರ ಕೊರೆಯುವ ದುಂಬಿಯಾದರೋ ಇಲ್ಲಿಯದೇ. ಹೊಸ ಬೆಳೆ ಬರುವ ಮೊದಲು ಅದು ಬದುವಿನ ಯಾವುದೋ ಗಿಡದಲ್ಲಿ ಯಾರ ಗೊಡವೆಗೂ ಹೋಗದೆ ಬದುಕಿರಬೇಕು. ಜಾಲಿಯಿಂದ ದ್ರಾಕ್ಷಿಗೆ ಹೋದ ಹುಳುವಿನ ಕಥೆಯೂ ಅದೇ. ನಾಳೆ ನಮ್ಮ ಬೆಳೆಗೆ ಇಳಿಯುವುದು ಇಂದು ಕಳೆಯಲ್ಲೋ, ಒಣಗಿದ ಟೊಂಗೆಯಲ್ಲೋ ಕುಳಿತಿದೆ. ಹೆಚ್ಚಿನ ಉದ್ದಮೀಸೆ ದುಂಬಿಗಳು ಪೀಡೆಗಳೂ ಅಲ್ಲ ಎಂಬುದನ್ನು ಮರೆಯಬಾರದು. ಸತ್ತ ಮರವನ್ನು ಕೊರೆದು, ಪುಡಿಮಾಡಿ, ಶಿಲೀಂಧ್ರಕ್ಕೆ ದಾರಿ ಬಿಟ್ಟು ಮಣ್ಣಿಗೆ ಮರಳಿಸುವ ಕೆಲಸ ಅವುಗಳದು. ಯಾವುದು ಕೂಲಿಯಾಳು, ಯಾವುದು ಕಳ್ಳ ಎಂದು ಬೇರ್ಪಡಿಸುವುದಕ್ಕೂ ಮೊದಲು ಹೆಸರು ಬೇಕು.

ಈ ಕೆಲಸಕ್ಕೆ ನಮ್ಮಲ್ಲಿ ಪರಂಪರೆ ಇಲ್ಲವೆಂದಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಚಂದ್ರಶೇಖರಸ್ವಾಮಿ ವಿರಕ್ತಮಠ ಅವರು ಜಿಗಿಹುಳುಗಳ ವರ್ಗೀಕರಣದಲ್ಲಿ ಜಗತ್ತು ಗೌರವಿಸುವ ಕೆಲಸ ಮಾಡಿದರು. ಅಲ್ಲಿಯ ಕೀಟ ಸಂಗ್ರಹಾಲಯ ಅಂಥವರ ಬೆವರಿನಿಂದ ಬೆಳೆದದ್ದು. ಉತ್ತರ ಕನ್ನಡದ ತೊರೆಯೊಂದರಲ್ಲಿ ಮೊಟ್ಟೆಗಳಿಗೆ ಮಣ್ಣು ಮೆತ್ತುವ ಕಪ್ಪೆಗೆ 2014ರಲ್ಲಿ ಸಂಶೋಧಕರು ‘ಕುಂಬಾರ’ ಎಂದೇ ಹೆಸರಿಟ್ಟರು. ಆ ಕನ್ನಡ ಪದ ಇನ್ನು ಜಗತ್ತಿನ ಎಲ್ಲ ಪ್ರಾಣಿಶಾಸ್ತ್ರಜ್ಞರ ಬಾಯಲ್ಲಿ ಹಾಗೆಯೇ ಇರುತ್ತದೆ. ಧಾರವಾಡದಲ್ಲಿ ಕೃಷಿ ಕಾಲೇಜು ಆರಂಭವಾದದ್ದು 1947ರಲ್ಲಿ. 1986ರಲ್ಲಿ ಅದು ವಿಶ್ವವಿದ್ಯಾಲಯವಾಯಿತು. ಬಯಲುಸೀಮೆಯ ದುಂಬಿಗಳ ಸಂಪುಟಕ್ಕೆ ಇದಕ್ಕಿಂತ ಯೋಗ್ಯ ವಿಳಾಸ ಯಾವುದು?

ಆದರೆ ಯುವಕರು ಈ ಕಡೆ ಏಕೆ ಬರಬೇಕು ಎಂಬ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಸಂಶೋಧಕರ ನೇಮಕ, ಬಡ್ತಿಗಳು ಈಗ ಪ್ರಬಂಧ ಪ್ರಕಟವಾದ ನಿಯತಕಾಲಿಕದ ‘ಪ್ರಭಾವಾಂಕ’ದ ಮೇಲೆ ನಿಂತಿವೆ. ಹತ್ತು ಜನ ಮಾತ್ರ ಕೆಲಸ ಮಾಡುವ ದುಂಬಿಗುಂಪಿನ ಪ್ರಬಂಧವನ್ನು ಉಲ್ಲೇಖಿಸುವವರೂ ಆ ಹತ್ತು ಜನರೇ, ಅದೂ ಮೂವತ್ತು ವರ್ಷಗಳ ಉದ್ದಕ್ಕೆ. ಜಗತ್ತಿನ ಹೊಸ ಪ್ರಾಣಿ ಪ್ರಭೇದಗಳ ದೊಡ್ಡ ಪಾಲನ್ನು ಪ್ರಕಟಿಸುವ ನ್ಯೂಜಿಲೆಂಡಿನ ‘ಝೂಟಾಕ್ಸಾ’ ನಿಯತಕಾಲಿಕವನ್ನೇ, ಅದು ತನ್ನನ್ನು ತಾನೇ ಹೆಚ್ಚಾಗಿ ಉಲ್ಲೇಖಿಸಿಕೊಳ್ಳುತ್ತದೆ ಎಂಬ ಕಾರಣಕ್ಕೆ 2020ರಲ್ಲಿ ಪ್ರಭಾವಾಂಕದ ಪಟ್ಟಿಯಿಂದ ತೆಗೆದುಹಾಕಿದ್ದರು. ವಿಜ್ಞಾನಿಗಳ ಪ್ರತಿಭಟನೆಯ ಬಳಿಕ ಮತ್ತೆ ಸೇರಿಸಿದರು. ಹೆಸರಿಡುವ ಶಾಸ್ತ್ರದಲ್ಲಿ ಹಿಂದಿನ ಹೆಸರುಗಳನ್ನು ಉಲ್ಲೇಖಿಸದೆ ಒಂದು ಹೆಜ್ಜೆಯನ್ನೂ ಇಡಲಾಗದು ಎಂಬ ಸರಳ ಸಂಗತಿ ಆ ಪಟ್ಟಿ ತಯಾರಿಸುವವರಿಗೆ ಹೊಳೆದಿರಲಿಲ್ಲ!

ಇನ್ನು ಕಾನೂನು. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಮಿನಂತೆ, ಹೊಸ ಪ್ರಭೇದ ಕಂಡುಕೊಂಡ ಯಾರೇ ಆದರೂ ಅದನ್ನು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿ ಇಡಬೇಕು. ಇದು ನನ್ನ ಮಟ್ಟಿಗೆ ನ್ಯಾಯವಾದ ನಿಯಮ. ಎರಡು ಶತಮಾನಗಳ ಕಾಲ ನಮ್ಮ ಮೂಲಮಾದರಿಗಳು ಹಡಗು ಹತ್ತಿದ್ದನ್ನು ಕಂಡವರು ಇದನ್ನು ಅತಿ ಎನ್ನಲಾರರು. ಆದರೆ ವಿದೇಶಿ ತಜ್ಞರೊಡನೆ ಮಾದರಿ ವಿನಿಮಯ ಮಾಡಿಕೊಳ್ಳುವುದು ಎಷ್ಟು ಬಿಗಿಯಾಯಿತೆಂದರೆ, 2018ರಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ದುಂಬಿತಜ್ಞ ದಿವಾಕರನ್ ಪ್ರತಾಪನ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆಯಬೇಕಾಯಿತು. ರೋಗಕ್ಕಿಂತ ಮದ್ದೇ ಮಾರಕವಾಗಿದೆ ಎಂಬುದು ಅವರ ವಾದದ ಸಾರ. 35 ದೇಶಗಳ 172 ವಿಜ್ಞಾನಿಗಳು ಅದಕ್ಕೆ ದನಿಗೂಡಿಸಿದರು.

ಅದಕ್ಕೂ ಹತ್ತು ವರ್ಷ ಮೊದಲು, 2008ರಲ್ಲಿ, ಡಾರ್ಜಿಲಿಂಗ್ ಬಳಿಯ ಸಿಂಗಲಿಲಾ ರಾಷ್ಟ್ರೀಯ ಉದ್ಯಾನದ ಹತ್ತಿರ ಅನುಮತಿಯಿಲ್ಲದೆ ಕೀಟ ಸಂಗ್ರಹಿಸಿದ ಆರೋಪದ ಮೇಲೆ ಇಬ್ಬರು ಝೆಕ್ ನಾಗರಿಕರ ಬಂಧನವಾಯಿತು. ನ್ಯಾಯಾಲಯ ಒಬ್ಬರಿಗೆ ದಂಡ, ಇನ್ನೊಬ್ಬರಿಗೆ ಸೆರೆವಾಸ ಮತ್ತು ದಂಡ ವಿಧಿಸಿತು. ದಂಡ ತೆತ್ತ ಪೀಟರ್ ಸ್ವಾಖಾ ಉದ್ದಮೀಸೆ ದುಂಬಿಗಳ ಮರಿಹುಳುಗಳ ವಿಷಯದಲ್ಲಿ ಜಗತ್ತಿನ ಮುಂಚೂಣಿಯ ತಜ್ಞ. ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿಯಿಲ್ಲದೆ ಬಲೆ ಬೀಸಬಾರದು; ಪಾಂಡಿತ್ಯ ಅದಕ್ಕೆ ವಿನಾಯಿತಿಯಲ್ಲ. ಆದರೆ ಅಂದು ನಾವು ಕೇಳಿಕೊಳ್ಳದೆ ಬಿಟ್ಟ ಪ್ರಶ್ನೆ ಇದು: ಮರಿಹುಳುವನ್ನು ನೋಡಿಯೇ ದುಂಬಿಯನ್ನು ಗುರುತಿಸಬಲ್ಲ ತಜ್ಞರು ನಮ್ಮಲ್ಲಿ ಎಷ್ಟಿದ್ದಾರೆ? ರೈತರ ಕೈಗೆ ಸಿಗುವುದು ಹೆಚ್ಚಾಗಿ ಮರಿಯೇ ಹೊರತು ದುಂಬಿಯಲ್ಲ.

ಅದೇ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯೂ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. 2020ರ ಜನವರಿ 31ರೊಳಗೆ ಮುಗಿಸದ ರಾಜ್ಯ ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿದ ಮೇಲೆ ಕೆಲಸ ಓಡಿತು. ಅಂಥ ಎರಡು ದಾಖಲಾತಿಗಳನ್ನು ನಾನು ತಿರುವಿಹಾಕಿದ್ದೇನೆ. ಔಷಧಿ ಸಸ್ಯಗಳಿದ್ದವು, ದನಗಳ ತಳಿಗಳಿದ್ದವು, ಹಕ್ಕಿಗಳೂ ಇದ್ದವು. ಕೀಟಗಳ ಪುಟದಲ್ಲಿ ಜೇನು, ಚಿಟ್ಟೆ, ಗೆದ್ದಲು. ಅಷ್ಟೆ.

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಭೂಮಿಯಲ್ಲಿ ಕಡಲೆ, ಜೋಳ, ಹತ್ತಿ, ಮೆಣಸಿನಕಾಯಿಗಳ ನಡುವೆ ಮರಗಳು ಮೊದಲೇ ವಿರಳ. ಇದ್ದದ್ದು ಬದುವಿನ ಜಾಲಿ, ಬೇವು, ಹಳ್ಳದ ದಂಡೆಯ ಪೊದೆ. ಟ್ರ್ಯಾಕ್ಟರ್ ತಿರುಗಲು ಅಡ್ಡಿಯೆಂದು ಬದು ಹೋಯಿತು, ಬದುವಿನೊಡನೆ ಜಾಲಿಯೂ ಹೋಯಿತು. ಎಷ್ಟೋ ಕಡೆ ಹಳ್ಳದ ದಂಡೆ, ಪಾಳು ಜಾಗಗಳನ್ನು ಬಳ್ಳಾರಿ ಜಾಲಿ ಆವರಿಸಿದೆ. ಅದು ಇಲ್ಲಿಯದಲ್ಲ, ಇಲ್ಲಿಯ ಕೊರಕಗಳಿಗೆಲ್ಲ ಅದು ಒಗ್ಗುತ್ತದೆ ಎನ್ನುವಂತೆಯೂ ಇಲ್ಲ. ಪಶ್ಚಿಮಘಟ್ಟಕ್ಕೆ ಬಲೆ ಹಿಡಿದು ಹೋಗುವವರು ಇದ್ದಾರೆ. ಅಣ್ಣಿಗೇರಿಯ ಬದುವಿಗೆ ಯಾರು ಹೋಗುತ್ತಾರೆ? ಹೆಸರಿಲ್ಲದ ಜೀವಿ ಅಳಿದರೆ ಅಳಿದವುಗಳ ಪಟ್ಟಿಯಲ್ಲೂ ಅದಕ್ಕೆ ಜಾಗವಿಲ್ಲ.

ನನ್ನ ಬೂದುದುಂಬಿ ಈಗ ಸಣ್ಣ ಮರದ ಡಬ್ಬಿಯಲ್ಲಿದೆ. ಸೂಜಿಯ ಕೆಳಗೆ ಚೀಟಿ: ಊರು, ದಿನಾಂಕ, ‘ಜಾಲಿಯ ಒಣ ಟೊಂಗೆ’. ಹೆಸರಿನ ಜಾಗ ಖಾಲಿ. ಅದು ಹೊಸ ಪ್ರಭೇದವೇ ಆಗಿರಬೇಕೆಂದಿಲ್ಲ. 1930ರ ದಶಕದಲ್ಲೇ ಪ್ಯಾರಿಸ್ಸಿನಲ್ಲಿ ಹೆಸರು ಪಡೆದ ಹಳೆಯದೇ ಆಗಿರಬಹುದು. ಪ್ರತಿ ಮಳೆಗಾಲದಲ್ಲಿ ಡಾಂಬರು ಗುಳಿಗೆ ಬದಲಿಸುತ್ತೇನೆ, ಇಲ್ಲವಾದರೆ ಒಣಗಿದ ದುಂಬಿಯನ್ನೂ ತಿನ್ನುವ ಬೇರೊಂದು ದುಂಬಿ ಬರುತ್ತದೆ. ಹೋದ ವರ್ಷ ಗಂಡು ದುಂಬಿ ಹುಡುಕಲು ಕಲಘಟಗಿಗೆ ಹೋದಾಗ ಆ ಬದುವೇ ಇರಲಿಲ್ಲ. ಜೆಸಿಬಿಯಿಂದ ಸಮತಟ್ಟು ಮಾಡಿಸಿ ಎರಡೂ ಹೊಲಗಳನ್ನು ಒಂದು ಮಾಡಿದ್ದರು. ಆ ರೈತರು ಚಹಾ ಕೊಟ್ಟು ಕೂರಿಸಿ ಮೊದಲು ಕೇಳಿದ್ದು ಅದನ್ನೇ: “ಹೆಸರ ಬಂತೇನ್ರಿ ಸರ?”